ಒಂದೇ ಆಡು

ಸೊಹಾರಿನ ಮೇವಿನಂಗಡಿಯಲ್ಲಿ
ಐದು ಕಿಲೋ ಬಾರ್ಲಿ ತೂಗುತ್ತ ಖಲ್ಫಾನ್ ಕೇಳಿದ:
ಎಷ್ಟು ಆಡು ಸಾಕಿದ್ದೀ?
ಒಂದೇ, ಅಂದೆ.
ಬಾಯಿಗೆ ಬಂದದ್ದು ಬಂತು; ಸುಳ್ಳಿಗೆ ಕೊಂಬು ಮೂಡಿತು.

ಚೀಲ ಕಂಕುಳಲ್ಲಿಟ್ಟು ಮೂರು ಮಹಡಿ ಹತ್ತಿದೆ.
ರಂಜಾನಿಗೆ ಕೆಟ್ಟ ಲಿಫ್ಟು ಬಕ್ರೀದಿಗೂ ಎದ್ದಿಲ್ಲ.

ಹಗಲೆಲ್ಲ ಸ್ಮೆಲ್ಟರಿನಲ್ಲಿ ಬಿಸಿ ಕಾಯುವ ಕೆಲಸ ನನ್ನದು:
ಒಂಬೈನೂರ ಅರುವತ್ತು ಡಿಗ್ರಿ. ಎರಡು ಹೆಚ್ಚಾದರೆ ಫೋನು,
ಎರಡು ಕಡಿಮೆಯಾದರೆ ಬೈಗಳು.
ರಾತ್ರಿ ಮಂಚದಡಿಯ ಒದ್ದೆ ಗೋಣಿಗೆ
ಟಾರ್ಚು ಹಾಕಿ ಮೊಳಕೆ ಹುಡುಕುವುದು.
ಮೂರನೇ ದಿನ ಬಂತು,
ಹಸುಳೆಯ ಹಾಲುಹಲ್ಲಿನಷ್ಟು ಬಿಳಿ.

ತಾರಸಿಯ ಮೇಲೆ ಜೂನಿನ ಬಿಸಿಲು
ನಾಲ್ಕೇ ತಾಸಲ್ಲಿ ಒಣಗಿಸಿ ಕೊಟ್ಟಿತು.
ಈ ಊರಲ್ಲಿ ಪುಕ್ಕಟೆ ಸಿಗುವುದು ಅದೊಂದೇ.

ಕುದಿಸಿದೆ. ಕಹಿಗೆ ಏನು ಹಾಕಲಿ?
ಬಿಯರಿನ ಹೂವು ಇಲ್ಲಿ ಯಾರು ಮಾರುತ್ತಾರೆ!
ಅಮ್ಮ ಜ್ವರಕ್ಕೆಂದು ಕಟ್ಟಿಕೊಟ್ಟ ಕಿರಾತಕಡ್ಡಿ
ಪೆಟ್ಟಿಗೆಯ ಮೂಲೆಯಲ್ಲಿ ಏಳು ವರ್ಷದಿಂದ
ನನಗೆ ಜ್ವರ ಬರಲೆಂದು ಕಾದಿತ್ತು;
ಒಂದು ಚಿಟಿಕೆ. ಬೆಟ್ಟದ ಜಾತರ್ ಎಲೆ ಒಂದು ಹಿಡಿ.
ಲೂಮಿ ನಾಲ್ಕು: ಬಿಸಿಲಿಗೆ ಕಪ್ಪಾಗಿ, ಒಳಗೆ ಟೊಳ್ಳಾಗಿ,
ಕಿವಿಯ ಬಳಿ ಅಲ್ಲಾಡಿಸಿದರೆ ಬೀಜ ಗಿಲಕೆಯಾಡುವ ನಿಂಬೆ.
ಗುದ್ದಿದೊಡನೆ ಕೋಣೆಯೆಲ್ಲ
ಹಳೆಯ ಮರದ ಸಂದೂಕು ತೆರೆದ ಹುಳಿವಾಸನೆ.

ಜೇನು ಮಾತ್ರ ನನ್ನದಲ್ಲ.
ರುಸ್ತಾಕಿನ ದಾರಿಯಿಂದ ಇದಿನಬ್ಬ ತಂದದ್ದು,
ಎಲಚಿ ಮರದ ಜೇನು, ಹಳೆಯ ವಿಮ್ಟೋ ಬಾಟಲಿಯಲ್ಲಿ,
ನನ್ನ ಕೆಮ್ಮಿಗೆಂದು.
ನೀರಿನ ಟ್ಯಾಂಕರು ಓಡಿಸುವವನು,
ಐದು ಹೊತ್ತು ನಮಾಜು ಬಿಡದವನು,
ನನ್ನ ಎದುರು ಮಂಚದವನು.
ಕೆಮ್ಮು ಹೋಗಿ ತಿಂಗಳಾಗಿತ್ತು. ಹೇಳಿರಲಿಲ್ಲ.
ಇಡೀ ಬಾಟಲಿ ಬೋರಲು ಹಾಕಿ
ಕೊನೆಯ ಎಳೆ ಇಳಿಯುವವರೆಗೆ ಹಿಡಿದು ನಿಂತೆ.

ಪರೋಟದಂಗಡಿಯ ಯೀಸ್ಟು, ನೀರಿನ ಕ್ಯಾನು,
ಮುಚ್ಚಳದ ತೂತಿಗೆ ಸಲೈನಿನ ಕೊಳವೆ
(ಆಸ್ಪತ್ರೆಯ ಎವುಜಿನ್ ಬಾಯಿ ಕಾರಣ ಕೇಳದೆ ಕೊಟ್ಟದ್ದು).
ಏಸಿ ಇಪ್ಪತ್ತೆರಡಕ್ಕೆ.
ಮರುರಾತ್ರಿ ಶುರುವಾಯಿತು:
ಗುಳುಕ್.
ತುಸು ಹೊತ್ತು ಬಿಟ್ಟು
ಗುಳುಕ್.

"ಎಂತ ಅದು?" ಕತ್ತಲಲ್ಲಿ ಇದಿನಬ್ಬ.
"ಏಸಿಯ ನೀರು."
"ಏಸಿ ತೇಗಿದ್ದು ಈವರೆಗೆ ಕೇಳಿಲ್ಲ," ಎಂದು ಮಗ್ಗುಲಾದ.

ಇಪ್ಪತ್ತನಾಲ್ಕು ಬಾಟಲಿ. ಕಾಯ್ತಾನಣ್ಣ
ಮೂವತ್ತೊಂದು ವರ್ಷ ಮುಗಿಸಿ ಹೊರಡುವ ಗುರುವಾರಕ್ಕೆಂದು.
ಸೋಮವಾರ, ರಾತ್ರಿ ಮೂರಕ್ಕೆ, ಒಂದು ಸಿಡಿಯಿತು.
ಲೈಟು ಹಾಕಿದರೆ ಗೋಡೆಯಲ್ಲಿ ನೊರೆ, ನೆಲದಲ್ಲಿ ಗಾಜು,
ಗಾಳಿಯಲ್ಲಿ ಜೇನು.
ಇದಿನಬ್ಬ ಮೂಸಿದ. ಗೊತ್ತಾಯಿತು ಅವನಿಗೆ.
ಚಪ್ಪಲಿ ಹಾಕಿಕೋ, ಎಂದ.
ತನ್ನ ಮುಸಲ್ಲೆಯನ್ನು ಎತ್ತಿ ಕಪಾಟಿನ ಮೇಲಿಟ್ಟು
ಮೊಣಕಾಲೂರಿ ಚೂರು ಆಯ್ದ ನನ್ನ ಜೊತೆ,
ಬೆಳಗಿನ ಬಾಂಗಿನ ತನಕ.
ಕೊನೆಗೆ ಒಂದೇ ಮಾತು:
"ಜೇನು ನಾನು ಕೊಟ್ಟದ್ದು. ಲೆಕ್ಕ ನಿನ್ನದು."
ಸ್ನಾನ ಮಾಡಿ ಮಸೀದಿಗೆ ನಡೆದ.

ಗುರುವಾರ ಕಾಯ್ತಾನಣ್ಣ ಗ್ಲಾಸನ್ನು
ಕಿಟಕಿಯ ಬೆಳಕಿಗೆ ಹಿಡಿದ. ಒಣಹುಲ್ಲಿನ ಬಣ್ಣ.
ಮೊದಲು ನಿಂಬೆ, ಆಮೇಲೆ ಬೆಟ್ಟ,
ಎಲ್ಲಕ್ಕೂ ಹಿಂದೆ, ತಡವಾಗಿ ಬಂದ ನೆಂಟನಂತೆ, ಜೇನು:
ಸಿಹಿಯನ್ನೆಲ್ಲ ದಾರಿಯಲ್ಲೇ ಖರ್ಚು ಮಾಡಿ
ಬರೇ ಪರಿಮಳ ಹೊತ್ತು.
"ಇದು ಬಿಯರಲ್ಲ ಮಾರಾಯ,
ಕಷಾಯ, ತಪ್ಪಿ ನಕ್ಕದ್ದು," ಎಂದ.
ಇನ್ನೊಂದು ಗ್ಲಾಸು ಕೇಳಿದ.
ಆಮೇಲೆ ಮಾತಿಲ್ಲ. ಕೊಕ್ಕೆತಕ್ಕಡಿಗೆ ಸೂಟ್‌ಕೇಸು ಸಿಕ್ಕಿಸಿ
ಮೂವತ್ತು ಕಿಲೋ ದಾಟಿತೇ ಎಂದು
ಮತ್ತೆ ಮತ್ತೆ ಎತ್ತಿ ನೋಡಿದ.

ಕ್ಯಾನು ತೊಳೆದಿಟ್ಟ ರಾತ್ರಿ ಇದಿನಬ್ಬ ತುಂಬ ಹೊರಳಿದ.
"ಆ ಏಸಿ ರಿಪೇರಿಯಾಯಿತಾ?"
ಆಯಿತು, ಅಂದೆ.
"ಛೆ," ಅಂದ.

ಶನಿವಾರ ಮತ್ತೆ ಮೇವಿನಂಗಡಿ.
ಆಡು ಹೇಗಿದೆ?
ಈದಿದೆ, ಅಂದೆ.
ಮರಿ?
ಇಪ್ಪತ್ತಮೂರು.
ಖಲ್ಫಾನ್ ತಕ್ಕಡಿಯಿಂದ ಕಣ್ಣೆತ್ತಿ
ನನ್ನನ್ನು ನೋಡಿದ, ಬಹಳ ಹೊತ್ತು.
ಮುಳ್ಳು ನೆಟ್ಟಗೆ ನಿಂತ ಮೇಲೂ
ಇನ್ನೊಂದು ಹಿಡಿ ಹಾಕಿದ.